ಕೇಸ್ ಹಾಕಿಸದೇ ವಾಪಸ್ ಕಳಿಸಿದ ವಕೀಲರು: ಶಿವಮೊಗ್ಗದ ಒಂದು ಆಸ್ತಿ ಕಾನೂನು ಕಚೇರಿಯ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಈ ಕಚೇರಿಯ ಹೆಸರು ಬರೆಯುವುದಿಲ್ಲ. ಬರೆಯಬೇಕು ಅಂತ ನನಗೆ ತುಂಬಾ ಆಸೆ ಇತ್ತು, ಆದರೆ ಕೇಳಿದಾಗ ಅಲ್ಲಿನ ವಕೀಲರಾದ ಮೇಡಂ ಬೇಡ ಅಂದರು. ವಕೀಲರು ಜಾಹೀರಾತು ಕೊಡುವ ಹಾಗಿಲ್ಲ ಅನ್ನುವ ನಿಯಮ ಬಾರ್ ಕೌನ್ಸಿಲ್‌ನಲ್ಲಿದೆ, ಹೆಸರು ಹಾಕಿ ಹೊಗಳಿದರೆ ತಮಗೇ ತೊಂದರೆ ಅಂದರು. ಹಾಗಾಗಿ ಇಷ್ಟು ಸಾಕು. ಶಿವಮೊಗ್ಗದ ಕೋರ್ಟ್‌ನಿಂದ ನಡೆದು ಹೋಗುವಷ್ಟು ದೂರ. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಎರಡು ರೂಮಿನ ಕಚೇರಿ. ಮೇಡಂ, ಇಬ್ಬರು ಜೂನಿಯರ್‌ಗಳು, ಟೈಪ್ ಮಾಡುವ ಒಬ್ಬ ಹುಡುಗ. ಒಂದೂವರೆ ವರ್ಷದಲ್ಲಿ ನಾಲ್ಕು ಬೇರೆ ಬೇರೆ ವಿಷಯಕ್ಕೆ ಹೋಗಿದ್ದೇನೆ. ನಾಲ್ಕರಲ್ಲಿ ಒಂದೂ ಕೋರ್ಟ್ ಮೆಟ್ಟಿಲು ಹತ್ತಲಿಲ್ಲ. ಈ ವಿಮರ್ಶೆ ಬರೆಯೋಕೆ ಮುಖ್ಯ ಕಾರಣ ಅದೇ.

ಶುರುವಾಗಿದ್ದು ಅಮ್ಮನ ಮನೆಯಿಂದ. ವಿನೋಬನಗರದಲ್ಲಿ ಅಪ್ಪ ಕಟ್ಟಿಸಿದ ಮನೆ. ಕೆಳಗೆ ಅಮ್ಮ ಇರುತ್ತಾರೆ, ಮೇಲಿನ ಮಹಡಿ ಬಾಡಿಗೆಗೆ. ಅಪ್ಪ 2016ರಲ್ಲಿ ತೀರಿಕೊಂಡರು. ಮಾರನೇ ವರ್ಷ ಮೇಲಿನ ಮನೆಗೆ ಒಂದು ಸಂಸಾರ ಬಂತು. ಗಂಡ ಹೆಂಡತಿ, ಒಬ್ಬ ಮಗಳು. ಬಾಡಿಗೆ 6,500 ರೂಪಾಯಿ, ಅಡ್ವಾನ್ಸ್ 50,000. ಆಗ ಒಂದು ಸಲ 11 ತಿಂಗಳ ಕರಾರು ಮಾಡಿಸಿದ್ದೆವು. ಆಮೇಲೆ ಅದನ್ನು ಯಾರೂ ತೆಗೆದು ನೋಡಲಿಲ್ಲ. ಬಾಡಿಗೆ ಬಾಯಿಮಾತಿನಲ್ಲೇ ಏರುತ್ತಾ ಏರುತ್ತಾ 9,000ಕ್ಕೆ ಬಂತು. ಒಳ್ಳೆಯ ಜನ, ತಿಂಗಳ ಐದನೇ ತಾರೀಖಿಗೆ ಬಾಡಿಗೆ ಬಂದುಬಿಡುತ್ತಿತ್ತು.

2024ರ ದೀಪಾವಳಿಗೆ ಬೆಂಗಳೂರಿನಿಂದ ಬಂದ ತಮ್ಮ, ಇನ್ನು ಊರಲ್ಲೇ ಇದ್ದು ಕೆಲಸ ಮಾಡುತ್ತೇನೆ, ಮೇಲಿನ ಮನೆ ಖಾಲಿ ಮಾಡಿಸಿ ಅಂದ. ಅಮ್ಮ ಮೇಲೆ ಹೋಗಿ ಹೇಳಿದರು. ಅವರು "ಈಗ ಆಗಲ್ಲ ಅಮ್ಮ" ಅಂದರು. ಅಷ್ಟೇ ಆಗಿದ್ದು. ಆ ಒಂದು ಮಾತಿನಿಂದ ನಮ್ಮ ಮನೆಯಲ್ಲಿ ಹದಿನೈದು ದಿನ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಬೀದಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. 12 ವರ್ಷ ಒಂದೇ ಮನೆಯಲ್ಲಿದ್ದರೆ ಮನೆ ಬಾಡಿಗೆದಾರರದ್ದೇ ಆಗುತ್ತದೆ, ಆಗಲೇ ಏಳು ವರ್ಷ ಆಯ್ತಲ್ಲ ಅಂತ ಒಬ್ಬರು. ಗೃಹಜ್ಯೋತಿಗೆ ಅವರ ಆಧಾರ್ ಅನ್ನು ನಿಮ್ಮ ಮೀಟರ್‌ಗೆ ಜೋಡಿಸಲು ಬಿಟ್ಟಿರಲ್ಲ, ಅದೇ ತಪ್ಪು, ಈಗ ಮೆಸ್ಕಾಂ ದಾಖಲೆಯಲ್ಲಿ ಅವರ ಹೆಸರಿದೆ ಅಂತ ಇನ್ನೊಬ್ಬರು. ಪಕ್ಕದ ಮನೆಯವರಂತೂ ಮೇಲಿನ ಟ್ಯಾಂಕಿಗೆ ಹೋಗುವ ನೀರಿನ ವಾಲ್ವ್ ತಿರುಗಿಸಿಬಿಡಿ, ಎಂಟು ದಿನದಲ್ಲಿ ತಾವಾಗೇ ಹೋಗುತ್ತಾರೆ ಅಂದರು. ತಮ್ಮ ಅದಕ್ಕೆ ತಯಾರೂ ಆಗಿದ್ದ.

ನನ್ನ ಜೊತೆ ಶಾಲೆಯಲ್ಲಿ ಪಾಠ ಮಾಡುವ ಒಬ್ಬರು ಈ ಮೇಡಂ ಬಗ್ಗೆ ಹೇಳಿದರು. ಫೋನ್ ಮಾಡಿದಾಗ ಜೂನಿಯರ್ ಒಂದು ಪಟ್ಟಿ ಕೊಟ್ಟರು. ಹಳೇ ಕರಾರು, ಕ್ರಯಪತ್ರ, ಖಾತಾ, ಕಂದಾಯ ಕಟ್ಟಿದ ರಸೀದಿ, ಬಾಡಿಗೆ ಬಂದ ಬ್ಯಾಂಕ್ ಪಾಸ್‌ಬುಕ್, ಅಪ್ಪನ ಮರಣ ಪ್ರಮಾಣಪತ್ರ. ಇಷ್ಟೂ ಇಲ್ಲದೆ ಬಂದರೆ ಮೇಡಂ ಮಾತಾಡಲ್ಲ ಅಂದರು. ನನಗೆ ಸ್ವಲ್ಪ ಕೋಪ ಬಂತು. ಬಾಡಿಗೆದಾರರನ್ನು ಬಿಡಿಸೋಕೆ ಅಪ್ಪನ ಮರಣ ಪತ್ರ ಯಾಕೆ? ಅದು ಯಾಕೆ ಅಂತ ಆಮೇಲೆ ಗೊತ್ತಾಯಿತು, ಮುಂದೆ ಬರೆಯುತ್ತೇನೆ.

ಮೇಡಂ ನಲವತ್ತು ನಿಮಿಷ ಕಾಗದ ಓದಿದರು. ನಮ್ಮ ಕಡೆ ನೋಡಲೇ ಇಲ್ಲ. ಓದಿ ಮುಗಿಸಿ ಅಮ್ಮನ ಕಡೆ ತಿರುಗಿ, "ಅಮ್ಮ, ಮನೆ ಎಲ್ಲೂ ಹೋಗಲ್ಲ. ಇವತ್ತು ರಾತ್ರಿ ನಿದ್ದೆ ಮಾಡಿ" ಅಂದರು. ಅಮ್ಮನ ಕಣ್ಣಲ್ಲಿ ನೀರು ಬಂತು.

ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದರು. ಆ 12 ವರ್ಷದ ಮಾತು ಬೇರೆಯವರ ಜಾಗವನ್ನು ತನ್ನದೇ ಅಂತ ಬಹಿರಂಗವಾಗಿ, ಮಾಲೀಕರಿಗೆ ವಿರುದ್ಧವಾಗಿ ಅನುಭವಿಸಿಕೊಂಡು ಬಂದವರಿಗೆ ಸಂಬಂಧಪಟ್ಟಿದ್ದು. ಬಾಡಿಗೆ ಕೊಟ್ಟುಕೊಂಡು ಇರುವವರು ನಿಮ್ಮ ಒಪ್ಪಿಗೆಯಿಂದ ಇರುವವರು. ತಿಂಗಳು ತಿಂಗಳು ಬಾಡಿಗೆ ಕೊಡುತ್ತಾರೆ ಅಂದರೆ ನೀವೇ ಮಾಲೀಕರು ಅಂತ ಅವರೇ ಒಪ್ಪಿಕೊಂಡ ಹಾಗೆ. ಇಪ್ಪತ್ತು ವರ್ಷ ಇದ್ದರೂ ಬಾಡಿಗೆದಾರರೇ. ಕರೆಂಟ್ ಮೀಟರ್‌ಗೆ ಆಧಾರ್ ಜೋಡಿಸಿದ್ದರಿಂದ 200 ಯೂನಿಟ್‌ವರೆಗಿನ ಬಿಲ್ಲಿನ ಲಾಭ ಸಿಗುತ್ತದೆ ಅಷ್ಟೇ, ಮನೆಯ ಮೇಲೆ ಯಾವ ಹಕ್ಕೂ ಬರುವುದಿಲ್ಲ.

ಇನ್ನು ನಮಗೆ ಯಾವ ಕಾನೂನು ಅನ್ವಯ ಆಗುತ್ತದೆ ಅನ್ನುವುದು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನಾನು ಮಾತಾಡಿಸಿದ ಹತ್ತು ಮಂದಿಯಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ನಮ್ಮಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅಂತ ಒಂದಿದೆ. ಆದರೆ ಅದು ಎಲ್ಲ ಮನೆಗಳಿಗೂ ಬರುವುದಿಲ್ಲ. ತಿಂಗಳ ಬಾಡಿಗೆ ಕೆಲವು ಊರುಗಳಲ್ಲಿ 3,500, ಉಳಿದ ಕಡೆ 2,000 ರೂಪಾಯಿ ದಾಟಿದರೆ ಆ ಕಾಯ್ದೆಯ ಹೊರಗೆ. ಇವತ್ತು ಆ ಬಾಡಿಗೆಗೆ ಎಲ್ಲಿ ಮನೆ ಸಿಗುತ್ತದೆ? ಹಾಗಾಗಿ ನಮ್ಮಂಥವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಅದರ 106ನೇ ಕಲಮಿನ ಪ್ರಕಾರ ತಿಂಗಳ ಲೆಕ್ಕದ ಬಾಡಿಗೆಗೆ 15 ದಿನದ ನೋಟಿಸ್ ಕೊಟ್ಟು ಬಾಡಿಗೆ ಸಂಬಂಧ ಮುಗಿಸಬಹುದು. ನಮ್ಮ 11 ತಿಂಗಳ ಕರಾರು ಎಂದೋ ಮುಗಿದಿದ್ದರಿಂದ ಅವರು ತಿಂಗಳ ಲೆಕ್ಕದ ಬಾಡಿಗೆದಾರರೇ. ಆದರೆ ನೋಟಿಸ್ ಕೊಟ್ಟ ಕೂಡಲೇ ಮನೆ ಖಾಲಿ ಆಗುವುದಿಲ್ಲ. ಅವರು ಹೋಗದಿದ್ದರೆ ದಾವೆ ಹಾಕಿ ಆದೇಶ ತಗೊಳ್ಳಬೇಕು, ಅದಕ್ಕೆ ವರ್ಷಗಳೇ ಹಿಡಿಯಬಹುದು.

ವಾಲ್ವ್ ವಿಷಯ ಬಂದಾಗ ಮೇಡಂ ತಮ್ಮನನ್ನು ನೇರವಾಗಿ ನೋಡಿ ಗಟ್ಟಿಯಾಗಿ ಹೇಳಿದರು. ನೀರು, ಕರೆಂಟ್ ನಿಲ್ಲಿಸುವುದು, ಬೀಗ ಹಾಕುವುದು, ಸಾಮಾನು ಹೊರಗಿಡುವುದು, ಇದ್ಯಾವುದೂ ಮಾಡಬೇಡಿ. ಬಾಡಿಗೆ ಅವಧಿ ಮುಗಿದಿದ್ದರೂ ಕೂಡ, ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ ಅವರು ಆರು ತಿಂಗಳ ಒಳಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಕೋರ್ಟಿಗೆ ಹೋಗಿ ಮತ್ತೆ ಮನೆ ಒಳಗೆ ಬರಬಹುದು. ಆಗ ಮನೆ ಯಾರದ್ದು ಅಂತಲೂ ಕೋರ್ಟ್ ನೋಡುವುದಿಲ್ಲ. ಅಮ್ಮ ಕೆಳಗೆ ಒಬ್ಬರೇ ಇರುತ್ತಾರೆ, ಪೊಲೀಸ್ ಸ್ಟೇಷನ್ ಅಲೆಯುವುದು ಯಾರು ಅಂತ ಕೇಳಿದರು. ತಮ್ಮ ತಲೆ ತಗ್ಗಿಸಿದ.

ಕೊನೆಗೆ ಒಂದು ಪ್ರಶ್ನೆ ಕೇಳಿದರು. "ಯಾಕೆ ಆಗಲ್ಲ ಅಂತ ಅವರನ್ನ ಕೇಳಿದ್ರಾ?"

ನಾವು ಕೇಳಿರಲಿಲ್ಲ. ಮೂರು ಜನ, ಹದಿನೈದು ದಿನ, ಬೀದಿಯವರ ಹತ್ತಿರವೆಲ್ಲ ಮಾತಾಡಿದ್ದೆವು, ಮೇಲಿನ ಮನೆಯವರನ್ನು ಮಾತ್ರ ಕೇಳಿರಲಿಲ್ಲ. ಅವತ್ತು ಸಂಜೆಯೇ ಅಮ್ಮ ನಾನು ಹೋಗಿ ಕೂತೆವು. ಮಗಳು ಎಸ್ಸೆಸ್ಸೆಲ್ಸಿ. ಪರೀಕ್ಷೆ ಮಾರ್ಚಿಗೆ. ಅಷ್ಟರವರೆಗೆ ಬಿಟ್ಟರೆ ಏಪ್ರಿಲ್‌ನಲ್ಲಿ ಖಾಲಿ ಮಾಡುತ್ತೇವೆ, ಹೇಳೋಕೆ ಸಂಕೋಚ ಆಯ್ತು ಅಂದರು. ಮೇಡಂ ಅದಕ್ಕೆ ಒಂದು ಪುಟದ ಒಪ್ಪಂದ ಬರೆದುಕೊಟ್ಟರು. ಖಾಲಿ ಮಾಡುವ ದಿನ, ಅಡ್ವಾನ್ಸ್ ಅದೇ ದಿನ ವಾಪಸ್, ಯಾವುದಕ್ಕೆ ಹಣ ಹಿಡಿಯುತ್ತೇವೆ ಯಾವುದಕ್ಕೆ ಇಲ್ಲ, ಎಲ್ಲ ಅದರಲ್ಲಿತ್ತು. ಇಬ್ಬರೂ ಸಹಿ ಹಾಕಿದೆವು. 2025ರ ಏಪ್ರಿಲ್‌ನಲ್ಲಿ ಹೇಳಿದ ದಿನವೇ ಹೋದರು. ಹೋಗುವಾಗ ಆ ಹುಡುಗಿ ಅಮ್ಮನ ಕಾಲಿಗೆ ನಮಸ್ಕಾರ ಮಾಡಿದಳು.

ಈ ಪೂರ್ತಿ ಕೆಲಸಕ್ಕೆ ಮೇಡಂ ತಗೊಂಡಿದ್ದು ಸಲಹೆಗೆ 500, ಒಪ್ಪಂದ ಬರೆದಿದ್ದಕ್ಕೆ 1,000. ಒಂದು ನೋಟಿಸ್ ಕಳಿಸಿ, ದಾವೆ ಹಾಕಿಸಿದ್ದರೆ ಅವರಿಗೆ ಎಷ್ಟು ಸಿಗುತ್ತಿತ್ತು ಅಂತ ನೀವೇ ಲೆಕ್ಕ ಹಾಕಿ. ಇದಕ್ಕೂ ಮೊದಲು ತಮ್ಮ ಒಬ್ಬನೇ ಇನ್ನೊಂದು ಕಡೆ ಹೋಗಿ ವಿಚಾರಿಸಿದ್ದ. ಅಲ್ಲಿ ಕಾಗದ ಒಂದನ್ನೂ ನೋಡದೆ, ಮೊದಲು 15,000 ಕಟ್ಟಿ, ನೋಟಿಸ್ ಜಾರಿ ಮಾಡಿಬಿಡೋಣ ಅಂದಿದ್ದರು.

ಎರಡನೇ ಸಲ ಹೋಗಿದ್ದು ಹೊಸ ಕರಾರಿಗೆ. ತಮ್ಮನ ಕೆಲಸದ ಲೆಕ್ಕಾಚಾರ ಬದಲಾಗಿ ಅವನು ಬರುವುದು ಮುಂದಕ್ಕೆ ಹೋಯಿತು, ಹಾಗಾಗಿ ಮತ್ತೆ ಬಾಡಿಗೆಗೆ ಕೊಟ್ಟೆವು. ನಮ್ಮ ಹಳೇ ಕರಾರು ಟೈಪಿಂಗ್ ಅಂಗಡಿಯಲ್ಲಿ ಹೆಸರು ಬದಲಿಸಿ ಕೊಟ್ಟ ಕಾಗದ. ಮೇಡಂ ಅದರಲ್ಲಿ ಒಂದು ಸಾಲು ತೋರಿಸಿದರು. ತಕರಾರು ಬಂದರೆ ಬೆಂಗಳೂರಿನ ನ್ಯಾಯಾಲಯದಲ್ಲಿ ತೀರ್ಮಾನ ಅಂತ ಅದರಲ್ಲಿತ್ತು! ವಿನೋಬನಗರದ ಮನೆ, ಇಬ್ಬರೂ ಶಿವಮೊಗ್ಗದವರು. ಯಾರೋ ಎಲ್ಲಿಂದಲೋ ನಕಲು ಮಾಡಿದ್ದು, ಏಳು ವರ್ಷ ನಮ್ಮ ಬೀರುವಿನಲ್ಲಿತ್ತು. ದಯವಿಟ್ಟು ನಿಮ್ಮ ಮನೆಯ ಕರಾರನ್ನೂ ಒಂದು ಸಲ ತೆಗೆದು ಓದಿ.

11 ತಿಂಗಳೇ ಯಾಕೆ ಅಂತ ಕೇಳಿದೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಅದನ್ನು ತಪ್ಪಿಸಲು 11 ತಿಂಗಳು. ನೋಟರಿ ಸೀಲ್ ಹಾಕಿಸಿದರೆ ನೋಂದಣಿ ಆದ ಹಾಗೆ ಅಂತ ಎಷ್ಟೋ ಜನ ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಅವೆರಡೂ ಬೇರೆ ಬೇರೆ.

ಹೊಸ ಕರಾರಿನಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಮಳೆಗಾಲದ ಭಾಗ. ನಮ್ಮ ಮಲೆನಾಡಿನಲ್ಲಿ ಬಾಡಿಗೆ ಜಗಳ ಅಂದರೆ ಅರ್ಧ ಸೋರುವ ತಾರಸಿ ಮತ್ತು ಗೋಡೆಯ ಪಾಚಿಯದ್ದೇ, ಅಲ್ವಾ? ಜೂನ್‌ನಿಂದ ಗೋಡೆ ಒದ್ದೆ, ಬೀರುವಿನಲ್ಲಿ ಬೂಷ್ಟು. ಖಾಲಿ ಮಾಡುವಾಗ ಮಾಲೀಕರು ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ, ಬಾಡಿಗೆದಾರರು ನಿಮ್ಮ ತಾರಸಿ ಸೋರಿ ಹಾಳಾಗಿದ್ದು ಅನ್ನುತ್ತಾರೆ. ಮೇಡಂ ಹೇಳಿದ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆಯದೇ ಇದ್ದರೆ, ದಿನಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರರು ಹೊಣೆ ಅಲ್ಲ. ಇನ್ನೊಂದು ಕಡೆ, ಮಾಲೀಕರು ಮಾಡಿಸಲೇಬೇಕಾದ ರಿಪೇರಿ ಇದ್ದು, ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ ಬಾಡಿಗೆದಾರರು ತಾವೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇದೂ ಅದೇ 1882ರ ಕಾಯ್ದೆಯ 108ನೇ ಕಲಮಿನಲ್ಲಿದೆ. ನಾವು ಮಾಲೀಕರ ಕಡೆಯವರು, ಆದರೂ ಈ ಮಾತನ್ನು ಅವರು ಬಾಡಿಗೆದಾರರ ಎದುರಿಗೇ ಹೇಳಿದರು. ತಾರಸಿ ಸೋರಿದರೆ ಹದಿನೈದು ದಿನದಲ್ಲಿ ನಾವು ಸರಿ ಮಾಡಿಸಬೇಕು, ಇಲ್ಲದಿದ್ದರೆ ಅವರು ಮಾಡಿಸಿ ಬಿಲ್ಲು ಕೊಟ್ಟು ಮುರಿದುಕೊಳ್ಳಬಹುದು, ಪಾಚಿಗೆ ಯಾರೂ ಹಣ ಕೊಡಬೇಕಿಲ್ಲ, ಮೊಳೆ ಹೊಡೆದು ಗೋಡೆ ಒಡೆದರೆ ಅವರದ್ದು. ಮನೆ ಕೊಡುವ ದಿನ ಪ್ರತಿ ಕೋಣೆಯ ಫೋಟೋ ತೆಗೆದು ಇಬ್ಬರೂ ಫೋನಿನಲ್ಲಿ ಇಟ್ಟುಕೊಳ್ಳಿ ಅಂತಲೂ ಹೇಳಿದರು. ಆ ವರ್ಷದ ಜುಲೈ ಮಳೆಗೆ ತಾರಸಿ ಮೂಲೆಯಲ್ಲಿ ಸೋರಿತು. ನಾವು ಸರಿ ಮಾಡಿಸಿದೆವು. ಒಂದು ಮಾತೂ ಜೋರಾಗಲಿಲ್ಲ.

ಮೂರನೇದು ನನ್ನದಲ್ಲ, ನನ್ನ ಸಹೋದ್ಯೋಗಿಯದ್ದು. ಗೋಪಾಳದ ಕಡೆ ಒಂದು ಮನೆ ಭೋಗ್ಯಕ್ಕೆ ನೋಡಿದ್ದರು. ಆರು ಲಕ್ಷ ಕೊಟ್ಟರೆ ಮೂರು ವರ್ಷ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ಹಣ ವಾಪಸ್. ಮದುವೆಗೆ ಇಟ್ಟಿದ್ದ ಹಣ ಅದು. ನಾನೇ ಒತ್ತಾಯ ಮಾಡಿ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಇಸಿ ತೆಗೆಸಿದರು. ಇಸಿ ಅಂದರೆ ಋಣಭಾರ ಪತ್ರ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಈಗ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಅದರಲ್ಲಿ ಮನೆಯ ಪತ್ರಗಳನ್ನು ಬ್ಯಾಂಕಿಗೆ ಅಡ ಇಟ್ಟಿದ್ದು ಕಾಣಿಸಿತು. ಮಾಲೀಕರು ಕಂತು ಕಟ್ಟದಿದ್ದರೆ 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕ್ ಮನೆಯನ್ನು ವಶಕ್ಕೆ ತಗೊಳ್ಳಬಹುದು, ಬ್ಯಾಂಕಿಗೆ ತಿಳಿಸದೆ ಮಾಡಿಕೊಂಡ, ನೋಂದಣಿಯೂ ಇಲ್ಲದ ಭೋಗ್ಯದ ಕಾಗದ ಹಿಡಿದುಕೊಂಡು ನೀವು ಬ್ಯಾಂಕಿನ ಎದುರು ನಿಲ್ಲೋಕೆ ಆಗಲ್ಲ ಅಂದರು. ಭೋಗ್ಯದ ಪತ್ರವನ್ನು ನೋಂದಣಿ ಮಾಡಿಸಲೇಬೇಕು, ಸುಮ್ನೆ ಛಾಪಾ ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಆರು ಲಕ್ಷ ಬರೀ ನಂಬಿಕೆ ಮೇಲೆ ಕೊಟ್ಟ ಹಾಗೆ ಅಂತಲೂ ಹೇಳಿದರು. ಸಹೋದ್ಯೋಗಿ ಆ ಮನೆ ಬಿಟ್ಟರು. ಬ್ರೋಕರ್ ಸಿಟ್ಟಾದ. ಆಗಲಿ.

ತಮ್ಮ ಅದೇ ಹೊತ್ತಿಗೆ ವಿಮಾನ ನಿಲ್ದಾಣದ ಕಡೆಯ ಒಂದು ಸೈಟಿನ ಫೋಟೋ ಕಳಿಸಿದ್ದ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ಕಡೆ ಸೈಟಿನ ಮಾತು ಜಾಸ್ತಿ. ಕ್ರಯಪತ್ರ ಆಮೇಲೆ, ಈಗ ಜಿಪಿಎ, ಅಂದರೆ ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಮಾಡಿಕೊಡುತ್ತೇವೆ ಅಂದಿದ್ದರಂತೆ. ಮೇಡಂ ಎರಡೇ ನಿಮಿಷದಲ್ಲಿ ಮುಗಿಸಿದರು. ಜಿಪಿಎ ಮೇಲೆ ಸೈಟು ನಿಮ್ಮದಾಗುವುದಿಲ್ಲ, 2011ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಭೂ ಪರಿವರ್ತನೆ ಆದೇಶ, ಅನುಮೋದಿತ ಲೇಔಟ್ ನಕ್ಷೆ, ಪಂಚಾಯಿತಿಯ ಫಾರಂ 9 ಮತ್ತು 11ಎ ಕೇಳಿ, ಕೊಡಲಿಲ್ಲ ಅಂದರೆ ಫೋನ್ ಇಟ್ಟುಬಿಡಿ. ಇದಕ್ಕೆ ದುಡ್ಡೂ ತಗೊಳ್ಳಲಿಲ್ಲ.

ನಾಲ್ಕನೇದು ನಮ್ಮ ತೋಟದ್ದು. ಇದನ್ನು ಬರೆಯುವುದು ನನಗೆ ಸ್ವಲ್ಪ ಕಷ್ಟ, ಯಾಕೆಂದರೆ ಮನೆಯೊಳಗಿನ ವಿಷಯ. ತಮ್ಮನ ಹತ್ತಿರ ಕೇಳಿಯೇ ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಕಡೆ ಅಜ್ಜನ ಕಾಲದ ಎರಡು ಎಕರೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ ಆದ ಮೇಲೆ ನಮ್ಮ ಕಡೆ ಬೆಂಗಳೂರಿನವರು ತುಂಬಾ ಬರುತ್ತಿದ್ದಾರೆ. ಒಬ್ಬರು ಹೋಂಸ್ಟೇಗೆ ಅಂತ ನಮ್ಮ ತೋಟ ಕೇಳಿದರು. ಬೆಟ್ಟವೂ ಸೇರಿ ದೊಡ್ಡ ಮೊತ್ತ ಹೇಳಿದರು. ತಮ್ಮನಿಗೆ ಮನಸ್ಸಿತ್ತು.

ಮೇಡಂ ಪಹಣಿ, ಮ್ಯುಟೇಶನ್, ಹಳೇ ಹಕ್ಕುಪತ್ರ ಎಲ್ಲ ತರಿಸಿದರು. ಅಜ್ಜ ಗೇಣಿದಾರ. ಧಣಿಗಳ ಜಮೀನು ಗೇಣಿಗೆ ಮಾಡುತ್ತಿದ್ದರು. ಭೂ ಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂದ ಮೇಲೆ ಫಾರಂ 7, ಅಂದರೆ ಗೇಣಿ ಜಮೀನು ತನಗೆ ಕೊಡಿ ಅನ್ನುವ ಅರ್ಜಿ ಹಾಕಿ, ಭೂ ನ್ಯಾಯ ಮಂಡಳಿಯಲ್ಲಿ ಆದೇಶ ಆಗಿ, ಜಮೀನು ಅಜ್ಜನ ಹೆಸರಿಗೆ ಬಂತು. ಆ ಹಳದಿ ಬಣ್ಣಕ್ಕೆ ತಿರುಗಿದ ಕಾಗದವನ್ನು ಮೇಡಂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. "1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಜೈಲಿಗೆ ಹೋಗಿದ್ದರಿಂದ ಶುರುವಾಗಿ ಈ ಕಾಗದದ ತನಕ ಬಂದಿದೆ. ಲ್ಯಾಮಿನೇಷನ್ ಮಾಡಿಸಬೇಡಿ, ಹಾಳಾಗುತ್ತೆ, ಪ್ಲಾಸ್ಟಿಕ್ ಕವರಲ್ಲಿ ಇಡಿ" ಅಂದರು. ಸಾಗರದ ಹತ್ತಿರದ ಕಾಗೋಡಿನ ಸತ್ಯಾಗ್ರಹದ ಬಗ್ಗೆ ನಾನು ಮಕ್ಕಳಿಗೆ ಪಾಠ ಮಾಡಿದ್ದೇನೆ. ನಮ್ಮ ಮನೆಯ ಬೀರುವಿನಲ್ಲಿದ್ದ ಕಾಗದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ನನಗೆ ಅವತ್ತೇ ಹೊಳೆದಿದ್ದು.

ಹೀಗೆ ಬಂದ ಜಮೀನನ್ನು 15 ವರ್ಷ ಮಾರುವ ಹಾಗಿರಲಿಲ್ಲ, ಅದು ಎಂದೋ ಕಳೆದಿದೆ. ಆದರೆ ಸೊಪ್ಪಿನ ಬೆಟ್ಟ ನಮ್ಮದಲ್ಲ. ಅಲ್ಲಿಂದ ತೋಟಕ್ಕೆ ಸೊಪ್ಪು, ದರಕು ತರುವ ಸೌಲಭ್ಯ ಮಾತ್ರ ನಮ್ಮದು, ನೆಲ ಸರ್ಕಾರದ್ದು. ಕೊಳ್ಳುವವರಿಗೆ ಬೆಟ್ಟ ಸೇರಿಸಿ ಅಳತೆ ತೋರಿಸಿದರೆ ಅದು ಮೋಸ ಆಗುತ್ತದೆ, ನಾಳೆ ನಿಮ್ಮ ಮೇಲೆಯೇ ಕೇಸ್ ಬರುತ್ತದೆ ಅಂದರು. ಮಲೆನಾಡಿನಲ್ಲಿ ತೋಟ ಕೊಳ್ಳಲು ಬರುವವರು ಇದನ್ನು ದಯವಿಟ್ಟು ತಿಳಿದುಕೊಳ್ಳಿ. ಬ್ರೋಕರ್ ಬೇಲಿ ತೋರಿಸುತ್ತಾನೆ. ನೀವು ಪಹಣಿ, ಸರ್ವೆ ನಕ್ಷೆ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಸರ್ಕಾರದ ಅನುಮತಿ ಇಲ್ಲದ ಮಾರಾಟ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ನಿಲ್ಲುವುದಿಲ್ಲ, ಅದನ್ನೂ ಕೇಳಿ.

ತೋಟ ನೋಡಿಕೊಳ್ಳುವವರ ವಿಷಯವೂ ಬಂತು. ತಮ್ಮ ಊರಿನ ಒಬ್ಬರಿಗೆ ತೋಟ ಗುತ್ತಿಗೆ ಅಂತ ಬರೆದುಕೊಡಲು ಹೊರಟಿದ್ದ. ಕೃಷಿ ಜಮೀನನ್ನು ಗೇಣಿಗೆ, ಗುತ್ತಿಗೆಗೆ ಕೊಡುವುದನ್ನು ಭೂ ಸುಧಾರಣಾ ಕಾಯ್ದೆ ಇವತ್ತಿಗೂ ಒಪ್ಪುವುದಿಲ್ಲ. ಆ ವರ್ಷದ ಫಸಲನ್ನು ಮಾತ್ರ ಮಾರುವ ಹಾಗೆ ಚೇಣಿಗೆ ಕೊಡಿ, ಕಾಗದದಲ್ಲೂ ಫಸಲು ಅಂತಲೇ ಬರೆಯಿರಿ ಅಂದರು.

ಇನ್ನು ಪಾಲಿನ ಮಾತು. ಮೊದಲ ಸಲ ಅಪ್ಪನ ಮರಣ ಪತ್ರ ಯಾಕೆ ಕೇಳಿದ್ದರು ಅಂತ ಈಗ ಬರೆಯುತ್ತೇನೆ. ವಿನೋಬನಗರದ ಮನೆಯ ಕ್ರಯಪತ್ರ ಅಪ್ಪನ ಹೆಸರಲ್ಲಿದೆ. ಅಪ್ಪ ಹೋದ ಮೇಲೆ ಖಾತೆ ಅಮ್ಮನ ಹೆಸರಿಗೆ ಆಯಿತು. ಖಾತೆ ಅಮ್ಮನದ್ದು ಅಂದಮೇಲೆ ಮನೆ ಅಮ್ಮನದ್ದು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಖಾತೆ ಕಂದಾಯ ಕಟ್ಟುವುದಕ್ಕೆ, ಅದರಿಂದ ಮಾಲೀಕತ್ವ ಬರುವುದಿಲ್ಲ. ಅಪ್ಪ ವಿಲ್ ಬರೆದಿರಲಿಲ್ಲ. ಸ್ವಂತ ಸಂಪಾದನೆಯ ಮನೆ ಆದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಮ್ಮ, ನಾನು, ತಮ್ಮ, ಮೂವರಿಗೂ ಸಮಪಾಲು. ತೋಟದ ಲೆಕ್ಕ ಬೇರೆ, ಅದನ್ನು ಒಂದು ಹಾಳೆಯಲ್ಲಿ ಅಜ್ಜನಿಂದ ಶುರುಮಾಡಿ ಗೆರೆ ಎಳೆದು ವಂಶವೃಕ್ಷ ಬರೆದು ತೋರಿಸಿದರು.

ತಮ್ಮ ಆ ದಿನ ಒಂದು ಹಕ್ಕು ಖುಲಾಸೆ ಪತ್ರ, ಅಂದರೆ ನನ್ನ ಪಾಲು ಬಿಟ್ಟುಕೊಡುವ ಪತ್ರ, ಟೈಪ್ ಮಾಡಿಸಿಕೊಂಡೇ ಬಂದಿದ್ದ. ಅಕ್ಕ ಸಹಿ ಹಾಕುತ್ತಾಳೆ, ಮದುವೆಗೆ ಕೊಟ್ಟಾಗಿದೆ ಅಂತ ಅವನ ಭಾವನೆ. ಅವನು ಕೆಟ್ಟವನಲ್ಲ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹಾಗೇ ನಡೆದು ಬಂದಿದೆ, ನಾನೂ ಸಹಿ ಹಾಕೋಕೆ ಪೆನ್ನು ತೆಗೆದಿದ್ದೆ. ಮೇಡಂ ಪೆನ್ನು ಕೆಳಗಿಡಿ ಅಂದರು. ಕರ್ನಾಟಕದಲ್ಲಿ 1994ರಲ್ಲೇ ಮದುವೆ ಆಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಬಂದಿತ್ತು. 2005ರ ಸೆಪ್ಟೆಂಬರ್ 9ರಿಂದ ಮದುವೆ ಆಗಿರಲಿ ಬಿಡಲಿ, ಮಗಳಿಗೆ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಬೇಕಿತ್ತೇ ಇಲ್ಲವೇ ಅನ್ನುವ ಗೊಂದಲವನ್ನೂ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿದೆ, ಬದುಕಿರಬೇಕಿಲ್ಲ. "ಬಿಟ್ಟುಕೊಡಬೇಡಿ ಅಂತ ನಾನು ಹೇಳಲ್ಲ, ಅದು ನಿಮ್ಮ ಇಷ್ಟ. ಆದರೆ ಎಷ್ಟು ಬಿಡ್ತಿದ್ದೀರಿ ಅಂತ ಗೊತ್ತಿದ್ದು ಬಿಡಿ. ಇವತ್ತು ಸಹಿ ಬೇಡ. ಮನೆಗೆ ತಗೊಂಡು ಹೋಗಿ, ಒಂದು ತಿಂಗಳು ಬಿಟ್ಟು ಬನ್ನಿ" ಅಂದರು. ನೋಡಿ, ಆ ಪತ್ರ ನೋಂದಣಿ ಮಾಡಿಸಿದ್ದರೆ ಅವರಿಗೆ ಅವತ್ತೇ ಫೀಸು ಬರುತ್ತಿತ್ತು.

ಕಾರಿನಲ್ಲಿ ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ. ಮನೆಗೆ ಬಂದು ಊಟ ಆದ ಮೇಲೆ ತಮ್ಮನೇ ಆ ಪತ್ರ ಹರಿದು ಹಾಕಿದ. "ಅಕ್ಕ, ನಂಗೆ ನಿಜವಾಗಲೂ ಗೊತ್ತಿರಲಿಲ್ಲ" ಅಂದ. ತೋಟ ಮಾರಲಿಲ್ಲ. ಮೂವರ ಹೆಸರಿಗೂ ಪಹಣಿ ಮಾಡಿಸಲು ಅರ್ಜಿ ಹಾಕಿದ್ದೇವೆ. ಇ-ಖಾತೆಯೂ ಹಾಗೇ, ಮೂವರ ಹೆಸರಲ್ಲಿ. ಈಗ ಬಾಡಿಗೆ ಕರಾರಿಗೂ ಮೂವರೂ ಸಹಿ ಹಾಕುತ್ತೇವೆ.

ಇಷ್ಟೆಲ್ಲ ಹೊಗಳಿದರೂ ಕೆಲವು ಕೊರತೆಗಳಿವೆ, ಹೇಳಲೇಬೇಕು. ಹೇಳಿದ ಸಮಯಕ್ಕೆ ಒಂದು ಸಲವೂ ಒಳಗೆ ಕರೆದಿಲ್ಲ. ಒಂದು ಗಂಟೆ, ಒಂದೂವರೆ ಗಂಟೆ ಕಾದಿದ್ದೇವೆ. ಕೂರಲು ನಾಲ್ಕೇ ಕುರ್ಚಿ. ಎರಡು ರೂಮಿನ ನಡುವೆ ತೆಳ್ಳಗಿನ ಪ್ಲೈವುಡ್, ಒಳಗೆ ಮಾತಾಡಿದ್ದು ಹೊರಗೆ ಕೇಳಿಸುತ್ತದೆ. ಬೇರೆಯವರ ಮನೆಯ ಕಷ್ಟ ನನ್ನ ಕಿವಿಗೆ ಬಿದ್ದಾಗ ತುಂಬಾ ಮುಜುಗರವಾಯಿತು, ನಮ್ಮದನ್ನೂ ಯಾರೋ ಹಾಗೇ ಕೇಳಿರುತ್ತಾರೆ. ಆಸ್ತಿ ವಿಷಯ ಮಾತಾಡುವ ಜಾಗದಲ್ಲಿ ಇದು ಸಣ್ಣ ತಪ್ಪಲ್ಲ. ತೋಟದ ಅರ್ಜಿಯಲ್ಲಿ ಟೈಪ್ ಮಾಡುವಾಗ ಸರ್ವೆ ನಂಬರಿನ ಎರಡು ಅಂಕಿ ಅದಲು ಬದಲು ಆಗಿತ್ತು, ನಾನು ಮನೆಯಲ್ಲಿ ಪಹಣಿ ಪಕ್ಕದಲ್ಲಿಟ್ಟು ಓದಿದ್ದರಿಂದ ಸಿಕ್ಕಿತು. ಮೇಡಂ ಕ್ಷಮೆ ಕೇಳಿ ದುಡ್ಡಿಲ್ಲದೆ ಸರಿ ಮಾಡಿಸಿದರು, ಆದರೆ ಹಾಗೇ ಕೊಟ್ಟಿದ್ದರೆ ಏನು ಗತಿ? ನಗದು ಕೊಟ್ಟರೆ ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ. ಫೋನ್ ಬೆಳಗ್ಗೆ ಎತ್ತುವುದೇ ಇಲ್ಲ, ಕೋರ್ಟಿನಲ್ಲಿರುತ್ತಾರೆ. ತೋಟದ ಕಾಗದ ಪೂರ್ತಿ ನೋಡಿ ಬರಹದಲ್ಲಿ ಅಭಿಪ್ರಾಯ ಕೊಟ್ಟಿದ್ದಕ್ಕೆ 6,000 ತಗೊಂಡರು. ನಮಗೆ ಅದು ಜಾಸ್ತಿ ಅನಿಸಲಿಲ್ಲ, ಎಲ್ಲರಿಗೂ ಕೊಡೋಕೆ ಆಗಲಿಕ್ಕಿಲ್ಲ.

ಕೊಡಲು ಆಗದವರಿಗೆ ಮೇಡಂ ತಾವೇ ಒಂದು ದಾರಿ ಹೇಳುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ನಮ್ಮ ಮನೆ ಕೆಲಸಕ್ಕೆ ಬರುವವರಿಗೆ ಬಾಡಿಗೆ ಮನೆಯ ಅಡ್ವಾನ್ಸ್ ವಾಪಸ್ ಬಂದಿರಲಿಲ್ಲ. ಅವರನ್ನು ನಾನೇ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ, ಮಾಲೀಕರನ್ನೂ ಕರೆಸಿ ಮಾತಾಡಿಸಿ ಎರಡು ಕಂತಿನಲ್ಲಿ ಹಣ ಕೊಡಿಸಿದರು.

ವಿಳಾಸ ಬೇಕು ಅನ್ನುವವರು ನನ್ನನ್ನು ನೇರವಾಗಿ ಕೇಳಿ, ಹೇಳುತ್ತೇನೆ. ಸಂಜೆ ಐದೂವರೆ ಮೇಲೆ ಹೋಗಿ, ಕಾಗದ ಎಲ್ಲ ಜೊತೆಗಿರಲಿ, ಮೂಲಪ್ರತಿ ಮತ್ತು ಒಂದು ಜೆರಾಕ್ಸ್. ಮೆಟ್ಟಿಲು ಕಡಿದು, ಹಿಡಿಕೆ ಒಂದೇ ಕಡೆ ಇದೆ. ವಯಸ್ಸಾದವರು ಇದ್ದರೆ ಮೊದಲೇ ಜೂನಿಯರ್‌ಗೆ ಹೇಳಿ. ಕೊನೆಯ ಸಲ ಅಮ್ಮನಿಗೆ ಮಂಡಿನೋವು ಜೋರಾಗಿತ್ತು, ಮೇಡಂ ತಾವೇ ಕೆಳಗಿಳಿದು ಬಂದು ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಅಮ್ಮನ ಪಕ್ಕ ಕೂತು ಪೂರ್ತಿ ಅರ್ಜಿ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಂಡರು.